ದಕ್ಷಿಣದ ಗೋಡೆ

ದಿನವಿಡೀ ನನ್ನದು ಒಂದೇ ಪ್ರಶ್ನೆ: ಎಲ್ಲಿಗೆ?
ಹಾಸನ, ಅರಕಲಗೂಡು, ಮತ್ತೆ ಹಾಸನ,
ನಿಂತವರ ಬೆವರು, ಬುಟ್ಟಿಯ ಕೋಳಿ,
ಶುಂಠಿ ಮೂಟೆಯ ಲಗೇಜಿಗೆ ಚೌಕಾಶಿ.
ಸಂಜೆ ಡಿಪೋದಲ್ಲಿ ದುಡ್ಡು ಕಟ್ಟಿ
ಹೊಸಲೈನ್ ರಸ್ತೆಯ ಬಾಡಿಗೆ ಕೋಣೆಯಲ್ಲಿ
ಬಿಸಿನೀರಿನ ಬಕೆಟ್ಟಿಗೆ ಕಾಲಿಟ್ಟು
ಬೇರೆ ಪ್ರಶ್ನೆಗಳನ್ನು ತೆಗೆಯುತ್ತೇನೆ.
ಹಳೆಯ ವೇಬಿಲ್ಲಿನ ಬೆನ್ನಿಗೆ ಬರೆದಿಟ್ಟವು,
ಅರ್ಧ ತಂಗಿಯ ಗಂಡ ಹೇಳಿಕೊಟ್ಟದ್ದು,
ಅರ್ಧ ನನ್ನದೇ ಅನುಮಾನ.

ಖಾತೆ ಯಾರ ಹೆಸರಿಗಿದೆ?
ಮನೆ ಮೇಲೆ ಸಾಲ?
ಸೈಟು ಮೂವತ್ತು ನಲವತ್ತೋ,
ಬಾಯಲ್ಲಷ್ಟೇ ಮೂವತ್ತು ನಲವತ್ತೋ?
ನೀರು?
ಕೊನೆಗೆ, ಕೆಳಗೆ ಎರಡು ಗೆರೆ ಎಳೆದದ್ದು:
ಯಾಕೆ ಮಾರುತ್ತಿದ್ದೀರಿ?

ಮುಖ ಕಾಣದಿದ್ದರೇನಂತೆ.
'ಮಗೂಗಿನ್ನೂ ಆರು ತುಂಬಿಲ್ಲ ಮೇಡಂ' ಎಂಬುದನ್ನು
ಹತ್ತೊಂಬತ್ತು ವರ್ಷ ಕೇಳಿದ ಕಿವಿ ಇದು.
ಮಗುವಿಗೆ ಮೀಸೆ ಚಿಗುರುತ್ತಿರುತ್ತದೆ.

ತಣ್ಣೀರುಹಳ್ಳದ ಸಿಂಗ್ರಿಗೌಡರು ಅಂದರು:
'ಬಲು ಶಾಂತ ಜಾಗ ಕಣಮ್ಮ, ಸೂಜಿ ಬಿದ್ದರೂ ಕೇಳುತ್ತೆ.'
ಅವರ ಬೆನ್ನ ಹಿಂದೆ ಲಾರಿಯೊಂದು
ಮೂರರಿಂದ ಎರಡಕ್ಕೆ ಗೇರು ಇಳಿಸಿ
ಹಂಪು ಹತ್ತಿ ಉಸ್ಸೆಂದಿತು.
ಸೂಜಿ ಬಿತ್ತು ಸರ್, ಅಂದೆ.
ಫೋನು ಇಟ್ಟರು.

ಇನ್ನೊಬ್ಬ, ಓನರು ನಾನೇ ಎಂದವನು,
ಬಚ್ಚಲು ಎಷ್ಟಿವೆ ಎಂದರೆ
'ಒಂದ್ನಿಮಿಷ' ಎಂದು ಯಾರನ್ನೋ ಕೇಳಿದ.

ಸತ್ಯಮಂಗಲದ ಮೇಷ್ಟ್ರು
'ಇಪ್ಪತ್ನಾಲ್ಕು ಗಂಟೆ ನೀರು' ಎನ್ನುವಷ್ಟರಲ್ಲಿ
ಒಳಗಿನಿಂದ ಹೆಂಗಸಿನ ಕೂಗು:
'ರೀ, ನಲ್ಲಿ ಬಂತು, ಮೋಟಾರು ಹಾಕಿ,
ಮಾತು ಆಮೇಲೆ!'
ಸಿಟ್ಟು ಬರಲಿಲ್ಲ.
ಹಾಗೆ ಕೂಗುವವರಿರುವ ಮನೆಯನ್ನು
ಯಾಕೆ ಮಾರುತ್ತಾರೋ ಎನ್ನಿಸಿತು ಅಷ್ಟೆ.

ಆಮೇಲೆ ದಾಸರಕೊಪ್ಪಲಿನ ಇಂದ್ರಾಣಿ ಅಂತ.
ಕೇಳುವ ಮೊದಲೇ ಶುರು ಮಾಡಿದರು:
'ಖಾತೆ ನನ್ನ ಹೆಸರಿಗಿದೆ. ಸಾಲ ಇದೆ,
ತೀರಿಸಿಯೇ ರಿಜಿಸ್ಟ್ರಿ.
ಪಕ್ಕದವರು ಅರ್ಧ ಅಡಿ ಒಳಗೆ ಬಂದಿದ್ದಾರೆ,
ಜಗಳ ಆಡಿ ಆಡಿ ಬಿಟ್ಟಿದ್ದೀನಿ.
ನೀರು ಎರಡು ದಿನಕ್ಕೊಮ್ಮೆ, ಅದೂ ಬೆಳಗಿನ ಜಾವ.
ಬಚ್ಚಲ ಬಾಗಿಲು ಮಳೆಗಾಲಕ್ಕೆ ಉಬ್ಬುತ್ತೆ,
ಭುಜ ಕೊಟ್ಟು ತಳ್ಳಬೇಕು.
ಬರಕೊಂಡ್ರಾ?'

ಬರೆದುಕೊಂಡೆ.
ವೇಬಿಲ್ಲು ತುಂಬಿ, ಉಳಿದದ್ದು ಅಂಗೈಗೆ.
ಯಾಕೆ ಮಾರುತ್ತಿದ್ದೀರಿ?

ಆ ಕಡೆ ಕುಕ್ಕರು ಕೂಗಿತು. ಮತ್ತೊಂದು.
ಮೂರನೆಯದಕ್ಕೆ ಗ್ಯಾಸು ಆರಿಸಿದ ಸದ್ದು.
'ಅದೊಂದು ಬಿಟ್ಟು ಕೇಳಿ.
ನೀವ್ಯಾಕೆ ತಗೋತಿದ್ದೀರಿ?'

ಐನೂರರ ನೋಟು ಚಾಚಿ
ಮುಂದಿನ ಸ್ಟಾಪಿಗೆ ಟಿಕೆಟ್ ಕೇಳಿದ ಹಾಗಾಯಿತು.
ಚಿಲ್ಲರೆ ಇರಲಿಲ್ಲ ನನ್ನಲ್ಲಿ.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟು
'ಇಳಿಯುವಾಗ ಇಸ್ಕೊಳ್ಳಿ' ಅನ್ನೋಣವೆಂದರೆ
ಇವರು ಇಳಿಯುವ ಹಾಗೆ ಕಾಣಲಿಲ್ಲ.

ಹನ್ನೊಂದು ಬಾಡಿಗೆ ಮನೆ ಆಯಿತು, ಅಂದೆ.
ಎಲ್ಲ ಕರಾರಿನಲ್ಲೂ ಒಂದು ಸಾಲು:
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ನಮ್ಮಪ್ಪನ ಫೋಟೋ ಇಷ್ಟು ವರ್ಷವೂ
ಬೀರುವಿನ ಮೇಲೆ ಒರಗಿಕೊಂಡೇ ನಿಂತಿದೆ,
ಸೀಟು ಸಿಗದವರ ಹಾಗೆ.

ಅವರು ನಗಲಿಲ್ಲ. ಅಯ್ಯೋ ಅನ್ನಲೂ ಇಲ್ಲ.
'ಹಾಲ್‌ನ ದಕ್ಷಿಣದ ಗೋಡೆಗೆ ಮಾತ್ರ ಹೊಡೀಬೇಡಿ,
ಒಳಗೆ ವೈರು ಹೋಗಿದೆ.
ಉಳಿದ ಮೂರೂ ಗಟ್ಟಿ.
ಹೊಡೆದು ನೋಡಿದ್ದೀನಿ.'
ಸ್ವಲ್ಪ ಹೊತ್ತು ಬಿಟ್ಟು,
'ಕಿತ್ತೂ ನೋಡಿದ್ದೀನಿ.'

ಭಾನುವಾರ ಬನ್ನಿ ಅಂದಿದ್ದಾರೆ.
ಭಾನುವಾರ ನನಗೆ ಡ್ಯೂಟಿ,
ಯಾರ ಕೈಕಾಲಾದರೂ ಹಿಡಿದು
ವಾರದ ರಜೆ ಬದಲಾಯಿಸಿಕೊಳ್ಳಬೇಕು.

ರೇಟು ಕೇಳಲೇ ಇಲ್ಲ ಎಂಬುದು
ಫೋನಿಟ್ಟು ಎಷ್ಟೋ ಹೊತ್ತಿಗೆ,
ಬಕೆಟ್ಟಿನ ನೀರು ತಣ್ಣಗಾಗಿ
ಕಾಲು ತೆಗೆಯುವಾಗ ನೆನಪಾಯಿತು.